ದಿಕ್ಸೂಚಿಯ ಮುಳ್ಳಿಗೆ ಹೆದರಿ ಬಯಲಲ್ಲಿ ಮಲಗಿದವರ ಪರವಾಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಗಳ ಅಧ್ಯಕ್ಷರಿಗೆ

ಮಾನ್ಯರೇ,

ಸಂಡೂರು ತಾಲ್ಲೂಕಿನ ಗುಡ್ಡಗಳಲ್ಲಿ 31 ವರ್ಷ ಗಣಿ ಸರ್ವೇಯರ್ ಆಗಿ ದುಡಿದು ನಿವೃತ್ತನಾದವನು ನಾನು. ಕಂಪಾಸು, ಸರಪಳಿ, ಥಿಯೊಡೊಲೈಟ್ ಹಿಡಿದೇ ಅನ್ನ ತಿಂದಿದ್ದೇನೆ. ಅಯಸ್ಕಾಂತದ ಮುಳ್ಳು ಯಾವಾಗ ನಿಜ ಹೇಳುತ್ತದೆ, ಯಾವಾಗ ದಾರಿ ತಪ್ಪಿಸುತ್ತದೆ ಎಂಬುದಷ್ಟನ್ನು ಆ ಕೆಲಸ ನನಗೆ ಕಲಿಸಿದೆ. ಆ ತಿಳಿವಳಿಕೆಯ ಬಲದ ಮೇಲೆ, ಕಳೆದ ಚಳಿಗಾಲದಲ್ಲಿ ನಮ್ಮೂರಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವನಾಗಿ ತಮಗೆ ಬರೆಯುತ್ತಿದ್ದೇನೆ.

ಆ ರಾತ್ರಿ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದೆ. ಒಂಬತ್ತೂವರೆಯ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡಿದು ಓಡಿಬಂದಳು. ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಧ್ವನಿ ಸಂದೇಶ. ಯಾರದೋ ಗಂಭೀರ ದನಿ: ಭೂಮಿಯ ಕಾಂತಕ್ಷೇತ್ರ ಬದಲಾಗುತ್ತಿದೆ, ನಿಮ್ಮ ಮೊಬೈಲಿನ ದಿಕ್ಸೂಚಿ ತೆರೆದು ನೋಡಿ, ಉತ್ತರ ಸರಿದಿದ್ದರೆ ನಡುರಾತ್ರಿಯೊಳಗೆ ಭೂಕಂಪ ಖಚಿತ, ವಿಜ್ಞಾನಿಗಳಿಗೆ ಇದು ಗೊತ್ತು, ಸರ್ಕಾರ ಮುಚ್ಚಿಡುತ್ತಿದೆ. ಅರ್ಧ ಗಂಟೆಯಲ್ಲಿ ಓಣಿಗೆ ಓಣಿಯೇ ಹೊರಗೆ ಬಂತು. ಚಾಪೆ, ಕೌದಿ, ಕಂದೀಲು, ಕಟ್ಟಿದ ದನ ಬಿಚ್ಚಿಕೊಂಡು ಜನ ಶಾಲೆಯ ಮೈದಾನಕ್ಕೆ ನಡೆದರು. ಹನ್ನೆರಡು ದಿನದ ಕೂಸನ್ನು ಎದೆಗವಚಿಕೊಂಡ ಬಾಣಂತಿಯೊಬ್ಬಳು ತಲೆಗೆ ಕಟ್ಟಿದ ಬಟ್ಟೆಯೊಂದರ ಆಸರೆಯಲ್ಲೇ ಬೆಳಗಿನವರೆಗೆ ಆ ಗಾಳಿಯಲ್ಲಿ ಕುಳಿತಿದ್ದಳು. ಗಂಗಾವತಿಯಲ್ಲಿರುವ ನನ್ನ ಮಗಳಿಗೆ ಫೋನ್ ಮಾಡಿದರೆ ಅವರ ಬೀದಿಯೂ ಹೊರಗಿತ್ತು. ಸಿಂಧನೂರಿನ ಬೀಗರೂ ಅಂಗಳದಲ್ಲೇ ಇದ್ದರು. ಮೂರು ಜಿಲ್ಲೆಗಳ ತಮ್ಮೆಲ್ಲರಿಗೂ ಒಂದೇ ಪತ್ರ ಬರೆಯಲು ಕಾರಣ ಇದು.

"ತಾತಾ, ನೋಡಿ, ಮುಳ್ಳು ತಿರುಗಿದೆ" ಎಂದು ಹುಡುಗಿ ಮೊಬೈಲನ್ನು ಮುಂದೆ ಹಿಡಿದಳು. ನಿಜಕ್ಕೂ ತಿರುಗಿತ್ತು. ಉತ್ತರವೆಂದು ಅದು ತೋರಿಸುತ್ತಿದ್ದದ್ದು ನಮ್ಮ ಊರ ಕೆರೆಯ ಕಡೆಗೆ, ಅಂದರೆ ಪೂರ್ವಕ್ಕೆ ಹತ್ತಿರ. ಕ್ಷೇತ್ರದ ಬಲ 58 ಮೈಕ್ರೋಟೆಸ್ಲಾ ಎಂದು ಕೆಳಗೆ ಬರೆದಿತ್ತು. ನಮ್ಮ ಭಾಗದಲ್ಲಿ ಅದು 41ರ ಆಸುಪಾಸಿನಲ್ಲಿ ಇರಬೇಕು. ಮೊಬೈಲನ್ನು ತಿರುಗಿಸಿ ನೋಡಿದೆ. ಮಡಚುವ ಕವರ್ ಇತ್ತು, ಅದರ ತುದಿಯಲ್ಲಿ ಟಪ್ಪೆಂದು ಅಂಟಿಕೊಳ್ಳಲು ಉಗುರಿನಗಲದ ಅಯಸ್ಕಾಂತ. ಕವರ್ ಬಿಚ್ಚಿ, ಕಿಟಕಿಯ ಕಬ್ಬಿಣದ ಸರಳುಗಳಿಂದ ದೂರ ಹತ್ತು ಹೆಜ್ಜೆ ನಡೆದು, ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕು ಸಲ ಆಡಿಸಿ ಮತ್ತೆ ತೋರಿಸಿದೆ. ಮುಳ್ಳು ಧ್ರುವ ನಕ್ಷತ್ರದ ಕಡೆಗೆ ಬಂದು ನಿಂತಿತು. ಹುಡುಗಿ ನಂಬಿದಳು. ಆದರೆ ಮೈದಾನದಲ್ಲಿದ್ದ ಐನೂರು ಜನರ ಮೊಬೈಲುಗಳ ಕವರ್ ಬಿಚ್ಚಲು ನನ್ನೊಬ್ಬನಿಂದ ಆಗಲಿಲ್ಲ. ಅದೇ ಹೊತ್ತಿಗೆ ಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದ ಎಂಬತ್ತು ದಾಟಿದ ಮುದುಕಿಯೊಬ್ಬರು ಕತ್ತಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಭೂಮಿ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಹತ್ತೂವರೆಗೆ ನಾನೊಂದು ಸರ್ಕಾರಿ ಕಚೇರಿಗೆ ಕರೆ ಮಾಡಿದೆ. ಯಾವುದೆಂದು ಬರೆಯುವುದಿಲ್ಲ. ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ನೌಕರನ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಮೂರನೇ ಸಲಕ್ಕೆ ಫೋನ್ ಎತ್ತಿದವರು, "ನಮಗೂ ಆ ಮೆಸೇಜ್ ಬಂದಿದೆ, ಮೇಲಿನಿಂದ ಏನೂ ತಿಳಿಸಿಲ್ಲ, ಬೆಳಿಗ್ಗೆ ವಿಚಾರಿಸಿ" ಎಂದರು. ಪಾಪ, ಅವರ ಮನೆಯವರೂ ಹೊರಗೇ ಮಲಗಿದ್ದಿರಬಹುದು. ಮರುದಿನ ಸಂಜೆ ಎರಡು ಸಾಲಿನ ಪ್ರಕಟಣೆ ಬಂತು: ವದಂತಿ ನಂಬಬೇಡಿ, ಹರಡಿದರೆ ಕ್ರಮ. ಅಷ್ಟೇ.

ನನ್ನ ದೂರು ಈ ಎರಡು ಸಾಲುಗಳ ಬಗ್ಗೆ. ಅವು ತಡವಾಗಿ ಬಂದವು ಎಂಬುದು ಒಂದು. ಅವು ಏನನ್ನೂ ತಿಳಿಸಲಿಲ್ಲ ಎಂಬುದು ಇನ್ನೂ ದೊಡ್ಡದು. ಆ ಧ್ವನಿ ಸಂದೇಶ ಪೂರ್ತಿ ಕಟ್ಟುಕಥೆಯಾಗಿರಲಿಲ್ಲ; ಒಂದು ನಿಜವಾದ ವೈಜ್ಞಾನಿಕ ಪ್ರಶ್ನೆಯನ್ನು ತಿರುಚಿ ಹೊಸೆದದ್ದಾಗಿತ್ತು. ಊರಿನ ಕಾಲೇಜು ಹುಡುಗರು ಇಂಟರ್ನೆಟ್‌ನಲ್ಲಿ ಹುಡುಕಿದಾಗ ಅವರಿಗೆ ನಿಜವಾದ ಸಂಶೋಧನೆಯ ಹೆಸರುಗಳೇ ಸಿಕ್ಕವು. "ನೋಡಿ ಸರ್, ಇದರಲ್ಲಿ ಸತ್ಯ ಇದೆ, ಅವರು ಸುಳ್ಳು ಎನ್ನುತ್ತಿದ್ದಾರೆ" ಎಂದು ನನಗೇ ತಂದು ತೋರಿಸಿದರು. ಹೀಗಾದಾಗ ಜನ ಕಳೆದುಕೊಳ್ಳುವುದು ಸರ್ಕಾರದ ಮೇಲಿನ ನಂಬಿಕೆಯನ್ನು. ಆದ್ದರಿಂದ ಆ ಹುಡುಗರಿಗೆ ನಾನು ಹೇಳಿದ್ದನ್ನು ತಮ್ಮ ಮುಂದೆಯೂ ಇಡುತ್ತೇನೆ.

1989ರ ಅಕ್ಟೋಬರ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾದಲ್ಲಿ 6.9 ತೀವ್ರತೆಯ ಭೂಕಂಪವಾಯಿತು. ಅದರ ಕೇಂದ್ರದಿಂದ ಸುಮಾರು 7 ಕಿಲೋಮೀಟರ್ ದೂರದ ಕೊರಲಿಟೋಸ್ ಎಂಬಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಟನಿ ಫ್ರೇಸರ್-ಸ್ಮಿತ್ ಬೇರೆ ಅಧ್ಯಯನಕ್ಕೆಂದು ಇಟ್ಟಿದ್ದ ಕಾಂತಮಾಪಕವೊಂದು ಇತ್ತು. ಭೂಕಂಪಕ್ಕೆ ಸುಮಾರು ಎರಡು ವಾರ ಮೊದಲೇ ಅದರಲ್ಲಿ ಅತಿ ನಿಧಾನಗತಿಯ ಕಾಂತೀಯ ಏರಿಳಿತ ಹೆಚ್ಚಿತ್ತು. ಕೊನೆಯ ಮೂರು ಗಂಟೆಗಳಲ್ಲಿ ಬಹಳ ಏರಿತ್ತು. 1990ರಲ್ಲಿ ಇದು ಪ್ರಕಟವಾದಾಗ ಜಗತ್ತಿನ ಭೂವಿಜ್ಞಾನಿಗಳೆಲ್ಲ ಕಿವಿ ನಿಮಿರಿಸಿದರು. ಹಾಗಾಗುವುದಕ್ಕೆ ಕಾರಣಗಳನ್ನೂ ಊಹಿಸಬಹುದಿತ್ತು. ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಅದಿರು ಇರುವ ಬಂಡೆಯನ್ನು ಅದುಮಿದರೆ ಅದರ ಕಾಂತತ್ವ ತುಸು ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಬಂಡೆಯ ಬಿರುಕುಗಳಲ್ಲಿ ಒತ್ತಡಕ್ಕೆ ಸಿಕ್ಕ ನೀರು ಹರಿದಾಗ ಸಣ್ಣ ವಿದ್ಯುತ್ ಹರಿವು ಹುಟ್ಟುತ್ತದೆ, ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರವೂ ಇರುತ್ತದೆ. ಈ ಎರಡೂ ತರ್ಕಬದ್ಧ ಮಾತುಗಳೇ.

ಆದರೆ ಮುಂದೆ ನಡೆದದ್ದನ್ನು ಆ ಧ್ವನಿ ಸಂದೇಶ ಹೇಳಲಿಲ್ಲ. 2009ರಲ್ಲಿ ಜೆರೆಮಿ ಥಾಮಸ್, ಜೆಫ್ರಿ ಲವ್ ಎಂಬ ವಿಜ್ಞಾನಿಗಳು ಮತ್ತು ಅವರ ಜೊತೆಗಾರ ಮಾಲ್ಕಮ್ ಜಾನ್‌ಸ್ಟನ್ ಅದೇ ದಾಖಲೆಯನ್ನು ಮತ್ತೆ ತೆರೆದು ಇತರ ಕೇಂದ್ರಗಳ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. ಕೊರಲಿಟೋಸ್‌ನ ಏರಿಕೆ ಉಪಕರಣದ ದೋಷದಿಂದಲೇ ಬಂದಿರಬಹುದು ಎಂಬ ತೀರ್ಮಾನಕ್ಕೆ ಬಂದರು. 1993ರ ಗುವಾಮ್ ದ್ವೀಪದ ಭೂಕಂಪದ ಮುನ್ಸೂಚನೆ ಎಂದು ಹೇಳಲಾಗಿದ್ದ ಬದಲಾವಣೆಯೂ ಸೂರ್ಯನ ಪ್ರಭಾವದಿಂದ ಭೂಮಿಗೆಲ್ಲ ಆಗುವ ಏರಿಳಿತದ ಭಾಗವೇ ಎಂದು ತೋರಿಸಿದರು. 2004ರ ಸೆಪ್ಟೆಂಬರ್ 28ರಂದು ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 6.0 ತೀವ್ರತೆಯ ಭೂಕಂಪ ಬಂತು. ಇಲ್ಲಿ ಬಂದೇ ಬರುತ್ತದೆ ಎಂದು ವರ್ಷಗಟ್ಟಲೆ ಉಪಕರಣಗಳನ್ನು ನೆಟ್ಟು ಕಾದಿದ್ದ ಜಾಗ ಅದು. ಅಲ್ಲಿನ ಕಾಂತಮಾಪಕಗಳಲ್ಲಿ ಮುನ್ಸೂಚನೆ ಎನ್ನಬಹುದಾದ ಬದಲಾವಣೆ ಕಾಣಲಿಲ್ಲ. ಭೂಕಂಪ ಆಗುವ ಗಳಿಗೆಯಲ್ಲಿ ಬಂಡೆಯ ಒತ್ತಡ ಬದಲಾಗಿ ಕ್ಷೇತ್ರ ಬದಲಾಗುವುದು ಮಾತ್ರ ದಿಟ. 1992ರ ಲ್ಯಾಂಡರ್ಸ್ ಭೂಕಂಪ 7.3 ತೀವ್ರತೆಯದ್ದು, ಆಗ ಹತ್ತಿರದ ಮಾಪಕಗಳಲ್ಲಿ ಕಂಡ ಬದಲಾವಣೆ ಸುಮಾರು 1 ನ್ಯಾನೋಟೆಸ್ಲಾ.

ಒಂದು ನ್ಯಾನೋಟೆಸ್ಲಾ ಎಂದರೆ ಎಷ್ಟೆಂದು ಅಧಿಕಾರಿಗಳು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಸಾವಿರ ನ್ಯಾನೋಟೆಸ್ಲಾ ಸೇರಿದರೆ ಒಂದು ಮೈಕ್ರೋಟೆಸ್ಲಾ. ನಮ್ಮ ಭಾಗದ ಕಾಂತಕ್ಷೇತ್ರ 40 ಸಾವಿರ ನ್ಯಾನೋಟೆಸ್ಲಾಕ್ಕಿಂತ ತುಸು ಹೆಚ್ಚು. ಸೂರ್ಯ ಏರಿದಂತೆ ಮೇಲಿನ ವಾತಾವರಣದಲ್ಲಿ ವಿದ್ಯುತ್ ಹರಿದು ಪ್ರತಿ ಹಗಲೂ ಅದು ಹತ್ತಾರು ನ್ಯಾನೋಟೆಸ್ಲಾ ಏರಿಳಿಯುತ್ತದೆ. 2024ರ ಮೇ 10 ಮತ್ತು 11ರಂದು ದೊಡ್ಡ ಸೌರ ಬಿರುಗಾಳಿ ಬಡಿದಾಗ ಭೂಮಿಯ ಕ್ಷೇತ್ರ ನೂರಾರು ನ್ಯಾನೋಟೆಸ್ಲಾ ಅಲ್ಲಾಡಿತು; ಲಡಾಖ್‌ನ ಹಾನ್ಲೆಯಲ್ಲಿ ರಾತ್ರಿಯ ಆಕಾಶ ಕೆಂಪಗಾಯಿತು. ನಮ್ಮಲ್ಲಿ ಒಂದು ಹೆಂಚೂ ಜಾರಲಿಲ್ಲ. ಇನ್ನು ಜೇಬಿನ ಮೊಬೈಲಿನೊಳಗಿನ ದಿಕ್ಸೂಚಿ ಚಿಪ್ಪು ಸುಮ್ಮನೆ ಇಟ್ಟಲ್ಲೇ ನೂರಾರು ನ್ಯಾನೋಟೆಸ್ಲಾ ತಡವರಿಸುತ್ತದೆ. ಜಾತ್ರೆಯ ಗದ್ದಲದಲ್ಲಿ ನಿಂತು ಇರುವೆಯ ಹೆಜ್ಜೆಯ ಸಪ್ಪಳ ಕೇಳಿದೆ ಎಂದು ಯಾರಾದರೂ ಹೇಳಿದರೆ ಹೇಗೋ, ಮೊಬೈಲಿನಲ್ಲಿ ಭೂಕಂಪದ ಸುಳಿವು ಕಂಡೆ ಎನ್ನುವುದೂ ಹಾಗೆಯೇ.

ಅದರಲ್ಲೂ ನಮ್ಮ ನೆಲ. ಸಂಡೂರಿನ ಅದಿರಿನ ಗುಡ್ಡಗಳಲ್ಲಿ ಕೆಲಸ ಮಾಡಿದವರನ್ನು ಕೇಳಿ. ಒಂದು ಬಿಂದುವಿನಿಂದ ಮುಂದಕ್ಕೆ ನೋಡಿ ಕೋನ ಬರೆದುಕೊಂಡು, ಆ ಬಿಂದುವಿಗೆ ಹೋಗಿ ಹಿಂದಕ್ಕೆ ನೋಡಿದರೆ ಎರಡರ ನಡುವೆ ಸರಿಯಾಗಿ 180 ಡಿಗ್ರಿ ಅಂತರವಿರಬೇಕು. ಮ್ಯಾಗ್ನೆಟೈಟ್ ಪದರ ಕಾಲಡಿ ಹಾದುಹೋದ ಕಡೆ ಆ ಲೆಕ್ಕ ಎಂದೂ ಕೂಡುತ್ತಿರಲಿಲ್ಲ. ನಾವು ಅದಕ್ಕೆ ಲೋಕಲ್ ಅಟ್ರಾಕ್ಷನ್ ಎನ್ನುತ್ತಿದ್ದೆವು. ನಾಲ್ಕು ಹೆಜ್ಜೆ ಸರಿದರೆ ಮುಳ್ಳು ಬೇರೆ ಮಾತು ಹೇಳುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಜೇಬಿನಲ್ಲಿ ಬೀಗದ ಕೈಗೊಂಚಲು ಇಟ್ಟುಕೊಂಡೇ ಒಂದು ದಿನದ ಸರ್ವೆ ಮಾಡಿ, ಮೇಲಿನವರಿಂದ ಬೈಸಿಕೊಂಡು, ಇಡೀ ಸಾಲನ್ನು ಮರುದಿನ ಮತ್ತೆ ಅಳೆದಿದ್ದೇನೆ. ಇದರ ಜತೆಗೆ ಅದಿರು ಲಾರಿಗಳು, ವಿದ್ಯುತ್ ರೈಲು ಮಾರ್ಗ, ಶಕ್ತಿನಗರ ಮತ್ತು ಕುಡತಿನಿಯ ಶಾಖೋತ್ಪನ್ನ ಸ್ಥಾವರಗಳಿಂದ ಹೊರಡುವ ಭಾರಿ ತಂತಿಗಳು. ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆಂದು ತಿಳಿದಾಗ ಕೊಲಾಬಾದ ಕಾಂತೀಯ ವೀಕ್ಷಣಾಲಯವನ್ನೇ 1904ರಲ್ಲಿ ಅಲಿಬಾಗ್‌ಗೆ ಒಯ್ದರು. ಟ್ರಾಮ್ ಓಡಾಟವೇ ಮಾಪನ ಕೆಡಿಸುತ್ತದೆಂದು ನೂರಿಪ್ಪತ್ತು ವರ್ಷದ ಹಿಂದೆಯೇ ಅರಿತಿದ್ದ ದೇಶದಲ್ಲಿ ಇಂದು ಕಿಟಕಿಯ ಸರಳಿನ ಪಕ್ಕ ಮೊಬೈಲ್ ಹಿಡಿದು ಊರು ಬಿಡುತ್ತಿದ್ದೇವೆ. ಇದು ನನಗೆ ನೋವು ತರುತ್ತದೆ.

ಈ ಸಂಶೋಧನೆಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಡೆಮೆಟರ್ ಉಪಗ್ರಹ 2004ರಿಂದ 2010ರವರೆಗೆ ಇದಕ್ಕಾಗಿಯೇ ಸುತ್ತಿತು. 2018ರಲ್ಲಿ ಚೀನಾ ತನ್ನದನ್ನು ಹಾರಿಸಿತು. ನಮ್ಮ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ ಗಢ್ವಾಲದ ಘುತ್ತು ಎಂಬಲ್ಲಿ 2007ರಿಂದ ಕಾಂತಕ್ಷೇತ್ರ, ರೇಡಾನ್ ಅನಿಲ, ಗುರುತ್ವ, ಅಂತರ್ಜಲ ಎಲ್ಲವನ್ನೂ ಒಟ್ಟಿಗೆ ದಾಖಲಿಸುತ್ತಿದೆ. ಅವರು ತಾಳ್ಮೆಯಿಂದ ಮಾಡುತ್ತಿರುವ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ದಿನ, ಜಾಗ, ತೀವ್ರತೆ ಮೂರನ್ನೂ ಹೇಳಿ ಜನರನ್ನು ಹೊರಗೆ ಕಳುಹಿಸಬಲ್ಲ ವಿಧಾನ ಇಂದಿಗೂ ಯಾರ ಕೈಯಲ್ಲೂ ಇಲ್ಲ.

ಹೀಗಿರುವಾಗ ಇನ್ನೊಂದು ಸಂಗತಿ ನಡೆಯಿತು. ಆ ರಾತ್ರಿಯ ಮೂರು ವಾರಗಳ ನಂತರ ಟೈ ಕಟ್ಟಿದ ಇಬ್ಬರು ಯುವಕರು ನಮ್ಮ ಪಂಚಾಯಿತಿಗೆ ಒಂದು ಪೆಟ್ಟಿಗೆ ತಂದರು. ಗೋಡೆಗೆ ನೇತುಹಾಕಿದರೆ ಕಾಂತಕ್ಷೇತ್ರ ಬದಲಾದ ಕೂಡಲೇ ಸೈರನ್ ಕೂಗುತ್ತದಂತೆ, ಭೂಕಂಪಕ್ಕೆ ಆರು ಗಂಟೆ ಮೊದಲೇ. ನನ್ನನ್ನು ಕರೆದು ತೋರಿಸಿದರು. ನನ್ನ ಹಳೆಯ ಕಂಪಾಸನ್ನು ಪೆಟ್ಟಿಗೆಯ ಪಕ್ಕ ಹಿಡಿದೆ. ಸೈರನ್ ಕೂಗಿತು. ಸದಸ್ಯರು ಕೊಳ್ಳಲಿಲ್ಲ, ಆ ಯುವಕರು ಮುಂದಿನ ಊರಿಗೆ ಹೋದರು. ಯಾವ ಊರಿನ ಕುಡಿಯುವ ನೀರಿನ ಹಣ ಆ ಪೆಟ್ಟಿಗೆಗೆ ಹೋಯಿತೋ ಎಂಬ ಚಿಂತೆ ನನಗಿನ್ನೂ ಇದೆ.

ಮಾನ್ಯರೇ, ನಮ್ಮಲ್ಲಿ ಭೂಕಂಪವೇ ಆಗದು ಎಂದು ಜನರಿಗೆ ಭರವಸೆ ಕೊಡಿ ಎಂದೂ ನಾನು ಕೇಳುವುದಿಲ್ಲ. 1843ರ ಏಪ್ರಿಲ್ 1ರಂದು ಬಳ್ಳಾರಿ ಸೀಮೆಯಲ್ಲಿ ಭೂಕಂಪವಾದದ್ದು ದಾಖಲೆಯಲ್ಲಿದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಮತ್ತೆ ಮತ್ತೆ ಕಂಪಿಸಿದ ನೆಲಕ್ಕೆ ಹೆದರಿ ಊರು ಬಿಟ್ಟದ್ದನ್ನು ಎಲ್ಲರೂ ನೋಡಿದ್ದೇವೆ. ಮತ್ತೆ ಮಹಾರಾಷ್ಟ್ರದ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸುಮಾರು 10 ಸಾವಿರ ಜನ ಸತ್ತ ಆ ಜಾಗ, ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಆ ಒಂದನೇ ವಲಯವನ್ನೇ 2002ರಲ್ಲಿ ನಕ್ಷೆಯಿಂದ ತೆಗೆದರು.

ಪರಿಹಾರ ಸಾಮಗ್ರಿಯ ಲಾರಿಯೊಂದರಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಒಂದು ಮನೆಯ ಬಾಗಿಲ ಚೌಕಟ್ಟು ಮಾತ್ರ ನಿಂತಿತ್ತು. ಗಣೇಶನ ಹಬ್ಬಕ್ಕೆ ಕಟ್ಟಿದ ಮಾವಿನ ತೋರಣ ಅದರ ಮೇಲೆ ಒಣಗಿ ಸುರುಟಿಕೊಂಡಿತ್ತು. ಹಿಂದೆ ಮನೆ ಇರಲಿಲ್ಲ, ಉರುಟು ಕಲ್ಲುಗಳ ಗುಡ್ಡೆಯಿತ್ತು. ಸರ್ವೇಯರ್ ಕಣ್ಣಲ್ಲವೇ, ಬಿದ್ದ ಗೋಡೆಯ ಅಡ್ಡಕೊಯ್ತ ನೋಡಿದೆ: ಒಳಗೊಂದು ಕಲ್ಲಿನ ಸಾಲು, ಹೊರಗೊಂದು ಸಾಲು, ನಡುವೆ ಜಲ್ಲಿ ಮತ್ತು ಮಣ್ಣು. ಎರಡು ಸಾಲುಗಳನ್ನು ಹಿಡಿದಿಡುವ ಉದ್ದ ಕಲ್ಲು ಒಂದೂ ಇಲ್ಲ. ಮೇಲೆ ಮೊಳದಷ್ಟು ದಪ್ಪ ಮಣ್ಣಿನ ಮಾಳಿಗೆ. ನೆಲ ಅಲುಗಿದಾಗ ಗೋಡೆಯ ಎರಡು ಮುಖಗಳು ಎರಡು ಕಡೆ ಬಿರಿದು, ನಿದ್ದೆಯಲ್ಲಿದ್ದವರ ಮೇಲೆ ಮಾಳಿಗೆ ಕೂತಿತ್ತು.

ಅದೇ ಗೋಡೆ, ಅದೇ ಮಾಳಿಗೆ ನಮ್ಮ ಊರುಗಳಲ್ಲಿವೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಚೌಳು ಮಣ್ಣು ಹಾಕುತ್ತೇವೆ. ಹಳೆಯದನ್ನು ತೆಗೆಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಭಾರ ಏರುತ್ತದೆ. ಆ ಭಾರ ಅಳೆಯಲು ಕಾಂತಮಾಪಕ ಬೇಡ. ಕಣ್ಣಿಗೇ ಕಾಣುತ್ತದೆ.

ಇಷ್ಟು ಹೇಳಿ ನನ್ನ ಕೋರಿಕೆಗಳಿಗೆ ಬರುತ್ತೇನೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಗೇ ಜೋರಾಗಿ ಸದ್ದು ಮಾಡಿ, ಇದು ತುರ್ತು ಎಚ್ಚರಿಕೆಯ ಪರೀಕ್ಷೆ ಎಂಬ ಸಂದೇಶ ತೋರಿಸಿದ್ದವು. ಮುಂದಿನ ವದಂತಿಯ ರಾತ್ರಿ ಅದೇ ದಾರಿಯಲ್ಲಿ ಒಂದು ಗಂಟೆಯೊಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರಲಿ: ಇಂತಹ ಎಚ್ಚರಿಕೆಯನ್ನು ಯಾವ ಅಧಿಕೃತ ಕೇಂದ್ರವೂ ಕೊಟ್ಟಿಲ್ಲ, ಭೂಕಂಪದ ಹೊತ್ತನ್ನು ಮೊದಲೇ ಹೇಳಲು ಸಾಧ್ಯವಿಲ್ಲ, ಮೊಬೈಲ್ ದಿಕ್ಸೂಚಿ ಕಬ್ಬಿಣ ಮತ್ತು ಕವರಿನ ಅಯಸ್ಕಾಂತಕ್ಕೆ ತಿರುಗುತ್ತದೆ, ಮಕ್ಕಳನ್ನೂ ಬಾಣಂತಿಯರನ್ನೂ ಒಳಗೆ ಕರೆದುಕೊಳ್ಳಿ. ಪಂಚಾಯಿತಿಯ ಮೈಕಿನಲ್ಲಿ, ಡಂಗುರದಲ್ಲಿ ಅದನ್ನೇ ಸಾರಿಸಿ. ಪ್ರತಿ ಪಂಚಾಯಿತಿಯ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಮುಟ್ಟಿಸುವ ವ್ಯವಸ್ಥೆ ಕಟ್ಟಿದ ರಾಜ್ಯಕ್ಕೆ ಬೆಂಗಳೂರಿನ ನಾಲ್ಕು ಸಾಲನ್ನು ಪಂಚಾಯಿತಿಗೆ ಮುಟ್ಟಿಸುವುದು ಕಷ್ಟವಾಗಬಾರದು.

ಆ ಸಾಲುಗಳಲ್ಲಿ ಅತಿಯಾದ ಸಮಾಧಾನದ ಮಾತು ಬೇಡ. ಇಟಲಿಯ ಲಾಕ್ವಿಲಾದಲ್ಲಿ 2009ರ ಏಪ್ರಿಲ್ 6ರ ಭೂಕಂಪಕ್ಕೆ ಮುನ್ನ ಒಬ್ಬರು ರೇಡಾನ್ ಅಳೆದು ಭವಿಷ್ಯ ಹೇಳಿ ಭಯ ಹುಟ್ಟಿಸಿದ್ದರು. ಅದನ್ನು ತಣಿಸಲು ಹೋದ ಅಧಿಕಾರಿಯೊಬ್ಬರು ಅಪಾಯವಿಲ್ಲ ಎಂದುಬಿಟ್ಟರು. ಬಳಿಕ 300ಕ್ಕೂ ಹೆಚ್ಚು ಜನ ಸತ್ತರು, ಪ್ರಕರಣ ನ್ಯಾಯಾಲಯದವರೆಗೆ ಹೋಯಿತು. ಹೇಳಲು ಬರುವುದಿಲ್ಲ ಎಂಬ ಮಾತನ್ನು ನೇರವಾಗಿ ಹೇಳಿದರೆ ನಮ್ಮ ಜನ ತಾಳಿಕೊಳ್ಳುತ್ತಾರೆ.

ಸುಳ್ಳು ಎಚ್ಚರಿಕೆ ಹರಡಿ ಭೀತಿ ಹುಟ್ಟಿಸುವವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂನಲ್ಲಿ ಒಂದು ವರ್ಷದವರೆಗೆ ಶಿಕ್ಷೆಯಿದೆ. ಹೆದರಿ ಸಂದೇಶ ಮುಂದೆ ಕಳುಹಿಸಿದ ಬಡ ತಾಯಂದಿರ ಮೇಲೆ ಅದನ್ನು ಬಳಸಬೇಡಿ. ಮೊದಲು ದನಿ ರೆಕಾರ್ಡ್ ಮಾಡಿದವನನ್ನು ಹುಡುಕಿ. ಪೆಟ್ಟಿಗೆ ಮಾರುವವರಿಂದ ಯಾವ ಪಂಚಾಯಿತಿಯೂ ಶಾಲೆಯೂ ಏನನ್ನೂ ಕೊಳ್ಳದಂತೆ ಸುತ್ತೋಲೆ ಹೊರಡಿಸಿ. ಕಾಂತೀಯ ಅಧ್ಯಯನ ಈ ನೆಲದಲ್ಲಿ ಆಗಲೇಬೇಕೆಂದಿದ್ದರೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯನ್ನೋ ನವಿ ಮುಂಬೈಯ ಭಾರತೀಯ ಭೂಕಾಂತತ್ವ ಸಂಸ್ಥೆಯನ್ನೋ ಕೇಳಿ, ಗಣಿ ಮತ್ತು ರೈಲಿನಿಂದ ದೂರ ಅವರು ಒಪ್ಪುವ ಜಾಗ ಕೊಡಿ.

ಎಲ್ಲಕ್ಕಿಂತ ಮುಖ್ಯವಾದ ಕೋರಿಕೆ ಗೋಡೆಗಳದ್ದು. ಅಂಗನವಾಡಿ, ಹಳೆಯ ಶಾಲಾ ಕೊಠಡಿ, ಮಣ್ಣಿನ ಮಾಳಿಗೆಯ ಮನೆಗಳ ಪಟ್ಟಿಯನ್ನು ಈ ವರ್ಷವೇ ಮಾಡಿಸಿ. ಪ್ರತಿ ಹೋಬಳಿಯ ಗೌಂಡಿಗಳಿಗೆ ಎರಡು ದಿನದ ತರಬೇತಿ ಕೊಡಿಸಿ: ಗೋಡೆಯ ಎರಡೂ ಮುಖಗಳಿಗೆ ತಾಗುವ ಉದ್ದ ಕಲ್ಲನ್ನು ಎಲ್ಲೆಲ್ಲಿ ಇಡಬೇಕು, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ಕಾಂಕ್ರೀಟ್ ಪಟ್ಟಿಯನ್ನು ಹೇಗೆ ಹಾಕಬೇಕು, ಮಾಳಿಗೆಯ ಹಳೆಯ ಮಣ್ಣನ್ನು ಹೇಗೆ ಇಳಿಸಬೇಕು. ವಸತಿ ಯೋಜನೆಯ ಹಣ ಬಿಡುಗಡೆಗೆ ಮುನ್ನ ಆ ಕಾಂಕ್ರೀಟ್ ಪಟ್ಟಿ ಇದೆಯೇ ಎಂದು ಎಂಜಿನಿಯರ್ ನೋಡಿ ಸಹಿ ಮಾಡಲಿ.

ಮಣಿಕಟ್ಟು ಮುರಿದುಕೊಂಡ ಆ ಅಜ್ಜಿಯ ಪ್ಲಾಸ್ಟರ್ ಬಿಚ್ಚಿದ್ದಾರೆ, ಆದರೆ ಅವರಿಗೆ ರೊಟ್ಟಿ ಬಡಿಯಲು ಕೈ ಇನ್ನೂ ಏಳುತ್ತಿಲ್ಲ. "ಮತ್ತೆ ಹೀಗೆ ಸುದ್ದಿ ಬಂದರೆ ಏನು ಮಾಡಲಿ, ತಮ್ಮಾ?" ಎಂದು ಮೊನ್ನೆ ಕೇಳಿದರು. ತಮ್ಮ ಉತ್ತರವನ್ನು ಅವರಿಗೆ ಓದಿ ಹೇಳಬೇಕೆಂದು ಕಾಯುತ್ತಿದ್ದೇನೆ. ನನ್ನ ಕಂಪಾಸು ಇನ್ನೂ ಚೆನ್ನಾಗಿದೆ. ಮೂರು ಜಿಲ್ಲೆಗಳ ಯಾವ ಶಾಲೆಗೆ ಕರೆದರೂ ಸ್ವಂತ ಬಸ್ ಖರ್ಚಿನಲ್ಲಿ ಬಂದು ಮಕ್ಕಳ ಕೈಗೆ ಕೊಟ್ಟು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿ ಸರ್ವೇಯರ್
ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ